ಬಾಲಿಯ ಗಮಕ: ಹಾಡುವವರು ಹನ್ನೊಂದು ಮಂದಿ, ಅರ್ಥ ಹೇಳುವವರು ಒಬ್ಬರೇ

ತೆಂಕಣಗಾಳಿ (ಗಿಯಾನ್ಯಾರ್, ಬಾಲಿ)

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವನು. ನಾಲ್ಕು ವರ್ಷಗಳಿಂದ ಬಾಲಿಯಲ್ಲಿ ಹೋಟೆಲೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಒಂದು ಸಂಗತಿ ಬಹಳ ದಿನಗಳಿಂದ ಮನಸ್ಸನ್ನು ಕೊರೆಯುತ್ತಿದೆ. ಗಮಕ, ತಾಳಮದ್ದಳೆ, ಜನಪದ ಹಾಡುಗಾರಿಕೆಯ ಒಡನಾಟವಿರುವವರು ಈ ಬಳಗದಲ್ಲಿ ಅನೇಕರಿದ್ದೀರಿ, ಅದಕ್ಕೇ ನಿಮ್ಮ ಮುಂದಿಡುತ್ತಿದ್ದೇನೆ.

ಇಲ್ಲಿಗೆ ಬಂದ ಹೊಸತರಲ್ಲಿ ಒಂದು ರಾತ್ರಿ ಪಕ್ಕದ ಮನೆಯಿಂದ ಓದು ಕೇಳಿಸಿತು. ಒಬ್ಬರು ಒಂದು ಸಾಲನ್ನು ಎಳೆದೆಳೆದು ಹಾಡಿ ನಿಲ್ಲಿಸುತ್ತಿದ್ದರು. ಇನ್ನೊಬ್ಬರು ಅದನ್ನೇ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದರು. ಮತ್ತೆ ಹಾಡು, ಮತ್ತೆ ಮಾತು. ಭಾಷೆ ಒಂದಕ್ಷರ ತಿಳಿಯದಿದ್ದರೂ ಇದು ನನಗೆ ಗೊತ್ತಿರುವುದೇ ಎನಿಸಿತು. ನಮ್ಮೂರ ದೇವಸ್ಥಾನದಲ್ಲಿ ಭಾರತ ವಾಚನ ನಡೆಯುವಾಗ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಕೇಳಿದ್ದು ಇದೇ ಕ್ರಮವನ್ನು.

ಮರುದಿನ ಆ ಮನೆಯ ಹಿರಿಯರನ್ನು ವಿಚಾರಿಸಿದೆ. ಹೀಗೆ ಓದುವುದಕ್ಕೆ ಮಬೆಬಾಸನ್ ಎನ್ನುತ್ತಾರೆ, ಓದುವ ಕೂಟಕ್ಕೆ ಪೆಸಂತಿಯನ್. ಅರ್ಥ ಹೇಳುವವರು ಪೆನೆಗೆಸ್. ಓದುವುದು ಕಕಾವಿನ್‌ಗಳನ್ನು, ಅಂದರೆ ಹಳೆಯ ಜಾವಾ ಭಾಷೆಯ ಕಾವ್ಯಗಳನ್ನು. ಆ ಭಾಷೆಯನ್ನು ಈಗ ಯಾರೂ ಮನೆಯಲ್ಲಿ ಆಡುವುದಿಲ್ಲ. ಹಾಗಾಗಿ ಪೆನೆಗೆಸ್ ಅದನ್ನು ಸಾಲುಸಾಲಾಗಿ ಬಾಲಿ ಭಾಷೆಯ ಗೌರವದ ನುಡಿಗೆ ತಿರುಗಿಸಬೇಕು. ಹಿರಿಯರು ಪುಸ್ತಕ ತಂದು ಒಂದು ಕಾವ್ಯದ ಮೊದಲ ಸಾಲನ್ನು ಹಾಡಿ ತೋರಿಸಿದರು. ಹನ್ನೊಂದನೆಯ ಶತಮಾನದಲ್ಲಿ ಐರ್ಲಂಗ ರಾಜನ ಕಾಲದ ಎಂಪು ಕಣ್ವ ಎಂಬ ಕವಿ ಬರೆದ ಅರ್ಜುನವಿವಾಹ ಅದು. ಅರ್ಜುನ ಇಂದ್ರಕೀಲದಲ್ಲಿ ತಪಸ್ಸು ಮಾಡುವ, ನಿವಾತಕವಚನನ್ನು ಕೊಲ್ಲುವ ಕಥೆ.

ಅಂಬೆಕ್ ಸಂಗ್ ಪರಮಾರ್ಥಪಂಡಿತ ಹುವುಸ್ ಲಿಂಪದ್ ಸಕೇಂಗ್ ಶೂನ್ಯತಾ

‘ಪರಮಾರ್ಥಪಂಡಿತ’, ‘ಶೂನ್ಯತಾ’ ಎಂಬ ಮಾತು ಕಿವಿಗೆ ಬಿದ್ದಾಗ ಮೈ ಜುಮ್ಮೆಂದಿತು. ಮನೆಗೆ ಬಂದು ಹಾಳೆಯ ಮೇಲೆ ಗುರು ಲಘು ಹಾಕಿದೆ. ಮ, ಸ, ಜ, ಸ, ತ, ತ, ಕೊನೆಗೊಂದು ಗುರು. ಹತ್ತೊಂಬತ್ತು ಅಕ್ಷರ. ಶಾರ್ದೂಲವಿಕ್ರೀಡಿತ! ಇಲ್ಲಿಯವರೂ ಅದನ್ನು ಸಾರ್ದೂಲವಿಕ್ರೀಡಿತ ಎಂದೇ ಕರೆಯುತ್ತಾರೆ.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ಈ ಕೂಟದಲ್ಲಿ ಹಾಡುವವರು ಹನ್ನೊಂದು ಮಂದಿ ಇದ್ದಾರೆ, ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದಾರೆ. ಅರ್ಥ ಹೇಳುವವರು ಇಬ್ಬರೇ ಇದ್ದರು. ಹೋದ ಮಳೆಗಾಲದಲ್ಲಿ ಅವರಲ್ಲೊಬ್ಬರು ತೀರಿಕೊಂಡರು. ಶವಸಂಸ್ಕಾರದ ಹಿಂದಿನ ರಾತ್ರಿ ಪದ್ಧತಿಯಂತೆ ಓದು ನಡೆಯಿತು. ಭೀಮ ಯಮಲೋಕಕ್ಕೆ ಹೋಗಿ ಪಾಂಡು, ಮಾದ್ರಿಯರ ಆತ್ಮಗಳನ್ನು ಬಿಡಿಸಿಕೊಂಡು ಬರುವ ಕಥೆಯನ್ನು ಎತ್ತಿಕೊಂಡಿದ್ದರು. ಇನ್ನೊಬ್ಬ ಪೆನೆಗೆಸ್, ಅಂದರೆ ನಮ್ಮ ಪಕ್ಕದ ಮನೆಯ ಹಿರಿಯರು, ಅಂದು ಜ್ವರದಿಂದ ಮಲಗಿದ್ದರು. ಹಾಡುವವರು ಒಂದು ಸಾಲು ಮುಗಿಸುತ್ತಿದ್ದರು, ರೂಢಿಯಂತೆ ನಿಲ್ಲಿಸುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಕಾದು ಮುಂದಿನ ಸಾಲು ಎತ್ತಿಕೊಳ್ಳುತ್ತಿದ್ದರು. ಆ ಬಿಡುವುಗಳನ್ನು ಕೇಳುತ್ತಾ ಕುಳಿತಿರುವುದು ನನ್ನಿಂದಾಗಲಿಲ್ಲ, ಎದ್ದು ಅಂಗಳಕ್ಕೆ ಹೋದೆ.

ಬಾಲಿಯಲ್ಲಿ ಸಾಹಿತ್ಯವನ್ನು ಉಳಿಸುವ ಕೆಲಸ ನಡೆಯುತ್ತಿಲ್ಲವೆಂದು ಯಾರೂ ಹೇಳುವಂತಿಲ್ಲ. ಸಿಂಗರಾಜ ಊರಿನ ಗೆಡೊಂಗ್ ಕೀರ್ತ್ಯ ಗ್ರಂಥಾಲಯ ಸ್ಥಾಪನೆಯಾದದ್ದು 1928ರಲ್ಲಿ, ಓಲೆಗರಿಗಳ ದೊಡ್ಡ ಭಂಡಾರ ಅಲ್ಲಿದೆ. ಬಾಲಿಯ ಭಾಷೆ, ಲಿಪಿ, ಸಾಹಿತ್ಯಕ್ಕೆಂದು 2018ರಲ್ಲಿ ಪ್ರಾಂತ ಸರ್ಕಾರ ಕಾನೂನು ಮಾಡಿದೆ. ಪ್ರತಿ ಫೆಬ್ರುವರಿಯಲ್ಲಿ ಭಾಷಾ ಮಾಸಾಚರಣೆ ಇದೆ, ಶಾಲಾ ಮಕ್ಕಳಿಗೆ ಹಾಡುವ ಸ್ಪರ್ಧೆಗಳಿವೆ. ಆದರೆ ಸ್ಪರ್ಧೆಯಲ್ಲಿ ಪದ್ಯವನ್ನೂ ಅರ್ಥವನ್ನೂ ಮೊದಲೇ ಕೊಟ್ಟಿರುತ್ತಾರೆ, ಮಕ್ಕಳು ಎರಡನ್ನೂ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಕೇಳಿದ ಸಾಲಿಗೆ ಆ ಕ್ಷಣವೇ ಮಾತು ಹೊಂದಿಸುವ ಕಸುಬು ಅಲ್ಲಿ ಬೆಳೆಯುವುದಿಲ್ಲ. ನಮ್ಮ ತಾಳಮದ್ದಳೆಯಲ್ಲಿ ಅರ್ಥ ಹೇಳುವ ಅರ್ಥಧಾರಿಗೆ ಪ್ರಸಂಗದ ಪದ ಗೊತ್ತಿದ್ದರೆ ಸಾಲದಷ್ಟೆ. ಇಲ್ಲಿಯೂ ಹಾಗೆಯೇ.

ಪದ್ಯ ಉಳಿದಿದೆ, ಧಾಟಿ ಉಳಿದಿದೆ. ಅರ್ಥ ಹೇಳುವವರನ್ನು ಬೆಳೆಸುವುದು ಹೇಗೆ? ನಿಮ್ಮಲ್ಲಿ ಯಾರಾದರೂ ಬೇರೆಡೆ ಇದನ್ನು ಕಂಡಿದ್ದರೆ ತಿಳಿಸಿ.

ಭಾಮಿನಿ (ಶಿವಮೊಗ್ಗ)

ಸರ್, ನಾನು ಮೂರು ವರ್ಷಗಳಿಂದ ಗಮಕ ಕಲಿಯುತ್ತಿದ್ದೇನೆ. ನಿಮ್ಮ ಬರಹವನ್ನು ಎರಡು ಸಲ ಓದಿದೆ. ಆ ಸಾಲನ್ನು ಬಾಯಲ್ಲಿ ಹೇಳಿಕೊಂಡೇ ನೋಡಿದೆ, ‘ಹುವುಸ್’ ಎಂಬಲ್ಲಿಗೆ ಸರಿಯಾಗಿ ಹನ್ನೆರಡು ಅಕ್ಷರವಾಗುತ್ತದೆ. ಯತಿ, ಅಂದರೆ ಸಾಲಿನ ನಡುವಿನ ನಿಲುಗಡೆ, ಬರಬೇಕಾದ ಜಾಗವೇ! ನಮ್ಮ ಹಳಗನ್ನಡದ ಕವಿಗಳು ಯತಿಯನ್ನು ಅಷ್ಟಾಗಿ ಲೆಕ್ಕಿಸಲಿಲ್ಲ ಎಂದು ನಮಗೆ ಪಾಠದಲ್ಲಿ ಹೇಳಿದ್ದರು. ಬಾಲಿಯವರು ಹಾಡುವಾಗ ಅಲ್ಲಿ ನಿಲ್ಲುತ್ತಾರೆಯೇ? ದಯವಿಟ್ಟು ಕೇಳಿ ಹೇಳಿ.

ಜಾವಾದಲ್ಲಿ ವಿರಾಟಪರ್ವವನ್ನು ಹಳೆಯ ಜಾವಾ ಭಾಷೆಯ ಗದ್ಯಕ್ಕೆ ತಂದದ್ದು 996ರಲ್ಲಿ ಎಂದು ಓದಿದ್ದೇನೆ. ರನ್ನ ಅಜಿತಪುರಾಣ ಮುಗಿಸಿದ್ದು 993ರಲ್ಲಿ. ಮೂರೇ ವರ್ಷಗಳ ಅಂತರ.

ಧ್ವನಿಪೆಟ್ಟಿಗೆ (ಮೈಸೂರು)

ತೆಂಕಣಗಾಳಿಯವರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಒಂದು ಮಾತನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಮೊದಲು ಆ ಹಿರಿಯರ ಅರ್ಥವನ್ನು ಧ್ವನಿಮುದ್ರಿಸಿಕೊಳ್ಳಿ. ನಾಳೆಯಲ್ಲ, ಈ ವಾರವೇ. ನಾನು ಮೂವತ್ತು ವರ್ಷ ಹಳ್ಳಿಗಳನ್ನು ಸುತ್ತಿ ಹಾಡು ಮುದ್ರಿಸಿದವನು. ‘ಮುಂದಿನ ಜಾತ್ರೆಗೆ ಬರುತ್ತೇನೆ’ ಎಂದು ಹೇಳಿ ಬಂದು, ಮತ್ತೆ ಹೋಗುವಷ್ಟರಲ್ಲಿ ಹಾಡುವವರೇ ಇಲ್ಲವಾದದ್ದು ಒಂದೆರಡು ಸಲವಲ್ಲ.

ಮುದ್ರಿಸಿಟ್ಟರೆ ಏನಾಗುತ್ತದೆ ಎನ್ನುವವರಿಗೆ ಬಾಲಿಯಲ್ಲೇ ಉತ್ತರವಿದೆ. 1928ರಲ್ಲಿ ಓಡಿಯನ್ ಮತ್ತು ಬೆಕಾ ಎಂಬ ಜರ್ಮನ್ ಕಂಪನಿಗಳು ಬಾಲಿಗೆ ಹೋಗಿ ಗ್ಯಾಮಲಾನ್ ವಾದ್ಯಮೇಳವನ್ನೂ ಹಾಡುಗಾರಿಕೆಯನ್ನೂ ಮುದ್ರಿಸಿದವು. ಆ ಗ್ರಾಮಫೋನ್ ತಟ್ಟೆಗಳಿಗೆ ಬಾಲಿಯಲ್ಲಿ ಕೊಳ್ಳುವವರು ಹೆಚ್ಚಿರಲಿಲ್ಲ, ಉಳಿದದ್ದೇ ಕೆಲವು. ಸುಮಾರು ಎಂಬತ್ತು ವರ್ಷಗಳ ಮೇಲೆ ಸಂಶೋಧಕರು ಅವನ್ನು ಹಲವು ದೇಶಗಳ ಸಂಗ್ರಹಗಳಿಂದ ಹುಡುಕಿ, ಶುದ್ಧಗೊಳಿಸಿ, ಬಾಲಿಗೆ ಮರಳಿಸಿದರು. ಊರಿನಲ್ಲಿ ಯಾರಿಗೂ ನೆನಪಿರದ ಧಾಟಿಗಳು ಹಾಗೆ ಮತ್ತೆ ಊರಿನ ಕಿವಿಗೆ ಬಿದ್ದವು. ಆ ತಟ್ಟೆಗಳಿಲ್ಲದಿದ್ದರೆ ಅವು ಹೋದದ್ದು ಹೋದದ್ದೇ. ಪದ್ಧತಿ ಉಳಿಯಲಿ, ಕೂಟ ಉಳಿಯಲಿ, ಎಲ್ಲವೂ ಸರಿ. ಅದು ನಮ್ಮ ಕೈಯಲ್ಲಿಲ್ಲ. ಮುದ್ರಣ ನಮ್ಮ ಕೈಯಲ್ಲಿದೆ.

ಕಾಲುವೆದಂಡೆ (ಲೈಡನ್, ನೆದರ್‌ಲೆಂಡ್ಸ್)

ಧ್ವನಿಪೆಟ್ಟಿಗೆಯವರ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ಭಂಡಾರದಲ್ಲಿ ಕೂತ ಕಾವ್ಯದ ಕಥೆಯನ್ನು ನಾನು ಹತ್ತಿರದಿಂದ ಬಲ್ಲೆ. ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಿ.

ಇಂಡೋನೇಷ್ಯದ ದಕ್ಷಿಣ ಸುಲಾವೆಸಿಯ ಬೂಗಿಸ್ ಜನರದ್ದು ‘ಲಾ ಗಲಿಗೋ’ ಎಂಬ ಮಹಾಕಾವ್ಯ. ಸಿಕ್ಕಿರುವ ಭಾಗಗಳನ್ನೆಲ್ಲ ಸೇರಿಸಿದರೆ ಸುಮಾರು ಮೂರು ಲಕ್ಷ ಸಾಲುಗಳಾಗುತ್ತವೆ ಎಂದು ಬಲ್ಲವರು ಅಂದಾಜಿಸುತ್ತಾರೆ. ಮಹಾಭಾರತಕ್ಕಿಂತ ದೊಡ್ಡದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮತ್ತೆಸ್ ಎಂಬ ಡಚ್ ಭಾಷಾವಿದ್ವಾಂಸ ಬೈಬಲ್ ಅನುವಾದಕ್ಕೆಂದು ಮಕಸ್ಸಾರ್‌ಗೆ ಬಂದಾಗ, ಕೊಲ್ಲಿಕ್ ಪುಜಿಯೆ ಎಂಬ ಬೂಗಿಸ್ ರಾಜಮನೆತನದ ಹೆಣ್ಣುಮಗಳು ಅವನಿಗಾಗಿ ಹನ್ನೆರಡು ಸಂಪುಟಗಳಷ್ಟು ಕಾವ್ಯವನ್ನು ಜೋಡಿಸಿ ತನ್ನ ಕೈಯಾರೆ ಬರೆದುಕೊಟ್ಟಳು. ಅಷ್ಟು ಬರೆದರೂ ಅದು ಇಡೀ ಕಥೆಯ ಮೂರನೆಯ ಒಂದು ಭಾಗ ಮಾತ್ರ! ಆ ಸಂಪುಟಗಳು ನಾನಿರುವ ಈ ಊರಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. 2011ರಲ್ಲಿ ಯುನೆಸ್ಕೋ ಇವನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ಕಾಗದ ಚೆನ್ನಾಗಿದೆ, ಅಕ್ಷರ ಸ್ಪಷ್ಟವಾಗಿದೆ, ಕೋಣೆಯ ಉಷ್ಣಾಂಶವನ್ನು ಏರದಂತೆ ಇಳಿಯದಂತೆ ಕಾಯುತ್ತಾರೆ.

ಇದೇ ಕಾವ್ಯಲೋಕಕ್ಕೆ ಸೇರಿದ ಇನ್ನೊಂದು ಕಥೆಯನ್ನು ನೋಡಿ. ಬತಾರ ಗುರು ದೇವಲೋಕದಿಂದ ಭೂಮಿಗಿಳಿದವನು. ಅವನ ಮಗಳು ಸಂಗಿಯಾಂಗ್ ಸೆರಿ ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಳ್ಳುತ್ತಾಳೆ, ಅವಳನ್ನು ಹೂತ ಜಾಗದಲ್ಲಿ ಭತ್ತ ಮೊಳೆಯುತ್ತದೆ. ಆ ಭತ್ತದ ತಾಯಿಗೆ ಕಾವಲಾಗಿ ಒಂದು ಬೆಕ್ಕು ಇರುತ್ತದೆ. ಮನುಷ್ಯರು ಬೆಕ್ಕನ್ನು ಹೊಡೆದು ಹಿಂಸಿಸಿದಾಗ ತಾಯಿ ಮುನಿದು ಊರು ಬಿಡುತ್ತಾಳೆ. ತನ್ನನ್ನು ಆದರದಿಂದ ಕಾಣುವ ಊರನ್ನು ಹುಡುಕುತ್ತಾ ಊರೂರು ಅಲೆಯುತ್ತಾಳೆ. ಈ ಕಥೆಯನ್ನು ಓದುವುದಕ್ಕೆ ಒಂದು ರಾತ್ರಿ ಇತ್ತು. ಬಿತ್ತನೆಗೆ ಮುನ್ನ ಬೀಜದ ಭತ್ತವನ್ನು ಮನೆಯೊಳಗೆ ಇಟ್ಟು, ದೀಪ ಹಚ್ಚಿ, ನಿದ್ದೆ ಮಾಡದೆ ಅದನ್ನು ಕಾಯುವ ರಾತ್ರಿ. ಮದ್ದೋಜ ಬೀನೆ ಎನ್ನುತ್ತಾರೆ, ಬೀಜದ ಜೊತೆಗೆ ಜಾಗರಣೆ ಮಾಡುವುದು ಎಂದರ್ಥ. ಎಚ್ಚರವಿರಬೇಕಲ್ಲ, ಅದಕ್ಕೆ ಓದು. ಮಕ್ಕಳು ಅಲ್ಲೇ ಚಾಪೆಯ ಮೇಲೆ ಕೇಳುತ್ತಾ ಕೇಳುತ್ತಾ ನಿದ್ದೆಹೋಗುತ್ತಿದ್ದರು.

ಬೀಜ ಅಂಗಡಿಯಿಂದ ಚೀಲದಲ್ಲಿ ಬರತೊಡಗಿದ ಮೇಲೆ ಯಾವ ಬೀಜವನ್ನು ಕಾಯುವುದು? ಕಾಯುವ ರಾತ್ರಿ ಹೋದಲ್ಲೆಲ್ಲ ಓದುವವನನ್ನು ಕರೆಯುವವರೂ ಇಲ್ಲವಾದರು. ಕಾವ್ಯವನ್ನು ಯಾರೂ ಸುಡಲಿಲ್ಲ, ಯಾರೂ ಬೇಡವೆನ್ನಲಿಲ್ಲ. ಅದಕ್ಕೆ ಸಮಯವೇ ಇಲ್ಲವಾಯಿತು.

ಇನ್ನು ಬಿಸ್ಸುಗಳ ವಿಷಯ. ಹೆಣ್ಣೂ ಅಲ್ಲದ ಗಂಡೂ ಅಲ್ಲದ ಬೂಗಿಸ್ ಪುರೋಹಿತರು ಇವರು. ದೇವಲೋಕದ ಮಾತೆಂದು ನಂಬುವ ಬೇರೆಯದೇ ನುಡಿಯಲ್ಲಿ ಮಂತ್ರ ಹೇಳುತ್ತಾರೆ. 1950ರ ದಶಕದಲ್ಲಿ, ಇಸ್ಲಾಮೀ ರಾಜ್ಯಕ್ಕಾಗಿ ಹೋರಾಡಿದ ಕಹಾರ್ ಮುಜಕ್ಕರ್‌ನ ಬಂಡಾಯದ ಕಾಲದಲ್ಲಿ ಇವರನ್ನು ಬೇಟೆಯಾಡಿದರು. ಮತಧರ್ಮಕ್ಕೆ ವಿರುದ್ಧವೆಂದು ಪೂಜೆಯ ಸಾಮಾನುಗಳನ್ನು ನಾಶಮಾಡಿದರು. ಆದರೂ ಸೆಗೆರಿ ಊರಿನಲ್ಲಿ ಪವಿತ್ರ ನೇಗಿಲನ್ನು ಅಟ್ಟದಿಂದಿಳಿಸಿ, ಮೆರವಣಿಗೆ ಮಾಡಿ ಉಳುಮೆಯ ಕಾಲವನ್ನು ಆರಂಭಿಸುವ ಮಪ್ಪಲೀಲಿ ಆಚರಣೆ ಇಂದಿಗೂ ನಡೆಯುತ್ತದೆ. ಬೆರಳೆಣಿಕೆಯ ಬಿಸ್ಸುಗಳಿದ್ದಾರೆ. ಅವರ ನಾಲಿಗೆಯ ಮೇಲಿರುವುದೆಲ್ಲವೂ ಈ ಹನ್ನೆರಡು ಸಂಪುಟಗಳಲ್ಲಿ ಇಲ್ಲ.

ತೆಂಕಣಗಾಳಿ

ಅಕ್ಕಾ, ‘ಅದಕ್ಕೆ ಸಮಯವೇ ಇಲ್ಲವಾಯಿತು’ ಎಂದಿರಲ್ಲ, ನಾನು ನಾಲ್ಕು ವರ್ಷ ಹೇಳಲು ಹೆಣಗಿದ್ದು ಅದನ್ನೇ. ಬಾಲಿಯಲ್ಲಿ ಸಮಯ ಇನ್ನೂ ಇದೆ, ಅದು ಈ ದ್ವೀಪದ ಪುಣ್ಯ. ದೇವಸ್ಥಾನದ ವರ್ಧಂತಿ 210 ದಿನಗಳಿಗೊಮ್ಮೆ ಬಂದೇ ಬರುತ್ತದೆ. ಹಲ್ಲುಗಳನ್ನು ಅರದಿಂದ ತೇಯ್ದು ಸಮಮಾಡುವ ಸಂಸ್ಕಾರವಿದೆ, ಮದುವೆಯಿದೆ, ಶವಸಂಸ್ಕಾರವಿದೆ. ಎಲ್ಲಕ್ಕೂ ಓದು ಬೇಕು.

ಧ್ವನಿಪೆಟ್ಟಿಗೆಯವರೇ, ನೀವು ಹೇಳಿದ ಮೇಲೆ ಹಿರಿಯರ ಒಪ್ಪಿಗೆ ಪಡೆದು ಮೂರು ರಾತ್ರಿಗಳ ಓದನ್ನು ಮೊಬೈಲಿನಲ್ಲೇ ಮುದ್ರಿಸಿದ್ದೇನೆ. ನಿಮಗೆ ಕೃತಜ್ಞ.

ಓಲೆಗರಿಯ ಬಗ್ಗೆ ಒಂದು ಮಾತು. ಅನೇಕ ಮನೆಗಳಲ್ಲಿ ಅಜ್ಜನ ಕಾಲದ ಗರಿಗಳು ಪೆಟ್ಟಿಗೆಯಲ್ಲಿವೆ. ಅರ್ಹತೆಯಿಲ್ಲದವರು ತೆರೆದರೆ ಕೇಡಾದೀತೆಂಬ ಭಯದಿಂದ ಬೀಗ ಹಾಕಿಟ್ಟಿರುತ್ತಾರೆ, ಒಳಗೆ ಹುಳು ತನ್ನ ಕೆಲಸ ಮಾಡುತ್ತಿರುತ್ತದೆ. 2016ರಿಂದ ಪ್ರಾಂತ ಸರ್ಕಾರ ಹಳ್ಳಿಗಳಿಗೆ ಭಾಷಾ ಕಾರ್ಯಕರ್ತರನ್ನು ನೇಮಿಸಿದೆ, ಹೆಚ್ಚಿನವರು ಬಾಲಿ ಸಾಹಿತ್ಯ ಓದಿದ ಯುವಕ ಯುವತಿಯರು. ನಮ್ಮ ಬೀದಿಯ ಮನೆಯೊಂದಕ್ಕೆ ಬಂದ ಹುಡುಗಿ ಮೊದಲು ನೈವೇದ್ಯ ಇಡಿಸಿದಳು, ಆಮೇಲೆ ಪೆಟ್ಟಿಗೆ ತೆರೆದಳು. ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದು ಗರಿಯನ್ನೂ ಒರೆಸಿದಳು. ಕೆಮೀರಿ ಎಂಬ ಕಾಯನ್ನು ಸುಟ್ಟು ಮಾಡಿದ ಮಸಿಯನ್ನು ಗರಿಗೆ ತಿಕ್ಕಿ ಒರೆಸಿದಾಗ, ಬೋಳಾಗಿ ಕಾಣುತ್ತಿದ್ದ ಗರಿಯ ಮೇಲೆ ಅಕ್ಷರಗಳು ಸಾಲಾಗಿ ಎದ್ದು ನಿಂತವು. ಮನೆಯ ಯಜಮಾನರು ‘ಏನು ಬರೆದಿದೆ?’ ಎಂದು ಕೇಳಿದರು. ಆಕೆ ಓದಿ, ಹಸುವಿಗೆ ಬರುವ ಕಾಯಿಲೆಯ ಮದ್ದು ಎಂದಳು. ಇಷ್ಟು ವರ್ಷ ಅವರು ಪೂಜಿಸಿದ್ದು ಅದನ್ನು. ಯಜಮಾನರಿಗೆ ನಿರಾಸೆಯಾಗಲಿಲ್ಲ, ಕಣ್ಣು ತುಂಬಿಕೊಂಡರು. ಅವರ ಅಜ್ಜ ದನಗಳ ವೈದ್ಯರಾಗಿದ್ದರಂತೆ.

ಕೆಂಪುನೆಲ (ಈಗ ಕಾರವಾರ, ಮೊದಲು ಮಧ್ಯ ಕಾಲಿಮಂತನ್)

ನಾನು ಆರು ವರ್ಷ ಬೋರ್ನಿಯೋ ದ್ವೀಪದ ಪಾಲಂಕರಾಯದಲ್ಲಿದ್ದವನು. ಆಚರಣೆಗೆ ಸರ್ಕಾರದ ಕಾಗದ ಬೇಕಾಗುವ ದೇಶ ಅದು ಎಂಬುದನ್ನು ಮರೆತು ಮಾತಾಡಬಾರದು. ಇಂಡೋನೇಷ್ಯ ಅಧಿಕೃತವಾಗಿ ಮನ್ನಿಸುವ ಧರ್ಮಗಳು ಆರು. ಅಲ್ಲಿನ ಙಾಜು ದಾಯಕ್ ಜನರ ಕಹರಿಂಗನ್ ನಂಬಿಕೆ ಅವುಗಳಲ್ಲಿ ಇರಲಿಲ್ಲ. ಧರ್ಮವಿಲ್ಲದವರು ಎನಿಸಿಕೊಂಡರೆ ಶಾಲೆಯಿಂದ ನೌಕರಿಯವರೆಗೆ ತೊಂದರೆಯೇ. ಕೊನೆಗೆ 1980ರಲ್ಲಿ ಅದನ್ನು ಹಿಂದೂ ಧರ್ಮದ ಒಂದು ಶಾಖೆಯಾಗಿ ಸೇರಿಸಿಕೊಂಡರು.

ಹಾಗೆ ಸೇರುವ ದಾರಿಯಲ್ಲಿ ಪುರೋಹಿತರ ಬಾಯಲ್ಲಿದ್ದ ಸೃಷ್ಟಿಕಥೆಗಳನ್ನು ಸೇರಿಸಿ ಪನತೂರನ್ ಎಂಬ ಗ್ರಂಥ ಮಾಡಿದರು. ವಾರಕ್ಕೊಮ್ಮೆ ಸೇರಿ ಹಾಡುವ ಪ್ರಾರ್ಥನಾ ಸಭೆಯೂ ರೂಢಿಗೆ ಬಂತು. ಇದರಿಂದ ನಂಬಿಕೆ ಉಳಿಯಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದೊಂದು ನದಿಯ ದಡದಲ್ಲಿ ಒಂದೊಂದು ರೀತಿ ಹೇಳುತ್ತಿದ್ದ ಕಥೆಗೆ ಈಗ ‘ಪುಸ್ತಕದಲ್ಲಿ ಹೀಗಿಲ್ಲ’ ಎಂಬ ಮಾತು ಎದುರಾಗುತ್ತದೆ. ತಿವಾಃ ಎಂಬ ದೊಡ್ಡ ಆಚರಣೆಯನ್ನು ನಾನು ನೋಡಿದ್ದೇನೆ. ಸತ್ತವರ ಮೂಳೆಗಳನ್ನು ಮತ್ತೆ ತೆಗೆದು, ಶುದ್ಧಮಾಡಿ, ಬಣ್ಣದ ಪುಟ್ಟ ಮರದ ಮನೆಯಲ್ಲಿ ಇಡುತ್ತಾರೆ. ಆತ್ಮವನ್ನು ಪಿತೃಲೋಕಕ್ಕೆ ಮುಟ್ಟಿಸಲು ಪುರೋಹಿತರು ರಾತ್ರಿಗಟ್ಟಲೆ ಡೋಲು ಬಡಿಯುತ್ತಾ ಹಾಡುತ್ತಾರೆ. ಆ ಹಾಡು ಒಂದು ದಾರಿ, ಪ್ರತಿ ತಿರುವಿಗೂ ಹೆಸರಿದೆ. ಒಂದು ತಿರುವು ಬಿಟ್ಟರೆ ಆತ್ಮ ದಾರಿತಪ್ಪುತ್ತದೆ ಎಂಬ ಭಯ ಹಾಡುವವರ ಮುಖದಲ್ಲೇ ಕಾಣುತ್ತಿತ್ತು. ಆ ಭಯವನ್ನು ಯಾವ ಪುಸ್ತಕ ಹಿಡಿದಿಡುತ್ತದೆ?

2017 ಎರಡು ಕಾರಣಕ್ಕೆ ಮುಖ್ಯ ವರ್ಷ. ಆ ವರ್ಷ ಬಂದ ಸಂಸ್ಕೃತಿ ಕಾನೂನು ಉಳಿಸಿ ಬೆಳೆಸಬೇಕಾದ ಹತ್ತು ವಿಷಯಗಳನ್ನು ಹೆಸರಿಸಿತು, ಮೊದಲನೆಯದೇ ಮೌಖಿಕ ಪರಂಪರೆ. ನವೆಂಬರ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ಆರು ಧರ್ಮಗಳ ಹೊರಗಿನ ನಂಬಿಕೆಯವರೂ ಅದನ್ನು ಗುರುತಿನ ಚೀಟಿಯಲ್ಲಿ ನಮೂದಿಸಬಹುದೆಂದು ತೀರ್ಪಿತ್ತಿತು. ಸುಂಬಾ ದ್ವೀಪದ ಮರಾಪು ಜನರಂಥವರಿಗೆ ಇದು ದೊಡ್ಡ ಬಿಡುಗಡೆ.

ಧ್ವನಿಪೆಟ್ಟಿಗೆ

ಕೆಂಪುನೆಲದವರೇ, ನೀವು ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಾನು ಮುದ್ರಿಸಿದ ಹಾಡು ಪುಸ್ತಕವಾಗಿ ಅಚ್ಚಾದ ಮೇಲೆ ಹಾಡುವವರೇ ‘ನಿಮ್ಮ ಪುಸ್ತಕದಲ್ಲಿ ಹೇಗಿದೆ ಸ್ವಾಮಿ?’ ಎಂದು ನನ್ನನ್ನು ಕೇಳಿದ್ದುಂಟು. ಅಂದು ಹೆಮ್ಮೆಪಟ್ಟಿದ್ದೆ. ಹೆಮ್ಮೆಪಡಬಾರದಿತ್ತು. ಮುದ್ರಣ ಬೇಕು ಎಂಬ ಮಾತಿನಿಂದ ಹಿಂದೆ ಸರಿಯುವುದಿಲ್ಲ. ಆದರೆ ಒಬ್ಬರದ್ದನ್ನೇ ಮುದ್ರಿಸಿ ಬಿಡಬಾರದು. ಮೂವರದ್ದನ್ನು, ಮೂರು ಊರುಗಳದ್ದನ್ನು ಮುದ್ರಿಸಿ, ಯಾವುದೂ ‘ಸರಿಯಾದ ಪಾಠ’ ಅಲ್ಲವೆಂದು ಮೊದಲ ಪುಟದಲ್ಲೇ ಬರೆಯಬೇಕು.

ಒಡಪು (ಜಕಾರ್ತ, ಊರು ಹುಬ್ಬಳ್ಳಿ)

ಪೇಟೆಯಲ್ಲಿ ಎಲ್ಲವೂ ಸತ್ತಿದೆ ಎಂದುಕೊಳ್ಳಬೇಡಿರಿ. ಜಕಾರ್ತದ ಮೂಲನಿವಾಸಿಗಳಾದ ಬೆತಾವಿ ಜನರ ಮದುವೆಯಲ್ಲಿ ಮದುಮಗನ ದಿಬ್ಬಣವನ್ನು ಬಾಗಿಲಲ್ಲೇ ತಡೆಯುತ್ತಾರೆ. ಹೆಣ್ಣಿನ ಕಡೆಯವನು ಒಂದು ಪಂತುನ್ ಎಸೆಯುತ್ತಾನೆ. ನಾಲ್ಕು ಸಾಲಿನ ಪದ್ಯ ಅದು, ಮೊದಲೆರಡು ಸಾಲು ಬರೀ ಪ್ರಾಸ ಕಟ್ಟಲು, ಕೊನೆಯೆರಡರಲ್ಲಿ ಹೇಳಬೇಕಾದ ಮಾತು. ಗಂಡಿನ ಕಡೆಯವನು ಪದ್ಯದಲ್ಲೇ ಉತ್ತರ ಕೊಡಬೇಕು, ಆಮೇಲೆ ಸಿಲಾತ್ ಎಂಬ ಸಮರಕಲೆಯ ಪಟ್ಟು ತೋರಿಸಬೇಕು. ಅಲ್ಲಿಯವರೆಗೆ ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ಗಂಡನ ಹೆಸರನ್ನು ಒಡಪಿನಲ್ಲಿ ಹೇಳಿಸುವ ನಮ್ಮ ಊರುಗಳವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2020ರಲ್ಲಿ ಪಂತುನ್ ಯುನೆಸ್ಕೋ ಪಟ್ಟಿಗೆ ಸೇರಿತು, ಇಂಡೋನೇಷ್ಯ ಮತ್ತು ಮಲೇಷ್ಯ ಎರಡೂ ಸೇರಿ ಕೇಳಿದ್ದು.

ಈಗ ಇದಕ್ಕೆ ಬಾಡಿಗೆ ತಂಡಗಳಿವೆ, ಎರಡೂ ಕಡೆಯ ಪದ್ಯವನ್ನು ಅವರೇ ಹೇಳುತ್ತಾರೆ. ನಮ್ಮ ಸಹೋದ್ಯೋಗಿಯ ತಮ್ಮನ ಮದುವೆಯಲ್ಲೂ ತಂಡ ಬಂದಿತ್ತು. ನಡುವೆ ಮದುಮಗಳ ಸೋದರಮಾವ ಸುಮ್ಮನಿರಲಾರದೆ ತಾನೇ ಒಂದು ಪಂತುನ್ ಎಸೆದ. ಬಾಡಿಗೆಯವನು ತಬ್ಬಿಬ್ಬಾದ. ಗಂಡಿನ ಕಡೆಯ ಮುದುಕಿಯೊಬ್ಬಳು ಹಿಂದಿನಿಂದ ಕೂಗಿ ಉತ್ತರ ಕೊಟ್ಟಳು! ಅಲ್ಲಿಂದ ಅರ್ಧ ಗಂಟೆ ತಂಡದವರು ಪಕ್ಕಕ್ಕೆ ನಿಂತು ನೋಡಿದರು. ಎದುರಿಗೆ ಎಸೆಯುವವರಿದ್ದರೆ ಉತ್ತರಿಸುವ ಬಾಯಿ ಇನ್ನೂ ಇದೆ.

ಭಾಮಿನಿ

ಸರ್, ಧೈರ್ಯ ಮಾಡಿ ಆ ಸಾಲನ್ನು ಮೋಹನ ರಾಗದಲ್ಲಿ ಹಾಡಿ ನಿಮ್ಮ ಖಾತೆಗೆ ಕಳಿಸಿದ್ದೇನೆ. ಉಚ್ಚಾರಣೆ ತಪ್ಪಿರಬಹುದು. ‘ಹುವುಸ್’ ಆದ ಮೇಲೆ ಉಸಿರು ತೆಗೆದುಕೊಂಡಿದ್ದೇನೆ. ಹಿರಿಯರಿಗೆ ಬೇಸರವಾಗದಿದ್ದರೆ ಕೇಳಿಸಿ.

ತೆಂಕಣಗಾಳಿ

ಭಾಮಿನಿಯವರೇ, ನಿನ್ನೆ ಸಂಜೆ ಕೇಳಿಸಿದೆ. ಹಿರಿಯರು ಜಗಲಿಯಲ್ಲಿ ಬಿದಿರು ಸೀಳುತ್ತಾ ಕುಳಿತಿದ್ದರು, ಮೊಮ್ಮಗಳು ಪಕ್ಕದಲ್ಲಿ ಶಾಲೆಯ ಲೆಕ್ಕ ಮಾಡುತ್ತಿದ್ದಳು. ಇಂಡಿಯಾದ ಹುಡುಗಿಯೊಬ್ಬಳು ಹಾಡಿದ್ದಾಳೆ ಎಂದಷ್ಟೇ ಹೇಳಿ ಮೊಬೈಲನ್ನು ಅವರ ಕಿವಿಯ ಹತ್ತಿರ ಹಿಡಿದೆ. ಅವರ ಕೈಯಲ್ಲಿದ್ದ ಕತ್ತಿ ನಿಂತಿತು. ನೀವು ಉಸಿರು ತೆಗೆದುಕೊಂಡ ಜಾಗದಲ್ಲಿ ತಲೆದೂಗಿದರು. ಸಾಲು ಮುಗಿಯಿತು.

ಸರಿಯಿದೆಯೇ, ತಪ್ಪಿದೆಯೇ ಎಂದು ಕೇಳಬೇಕೆಂದಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಬೆನ್ನು ನೆಟ್ಟಗೆ ಮಾಡಿ ಕುಳಿತು, ಓದಿನ ರಾತ್ರಿಯ ಆ ಗಂಭೀರ ದನಿಯಲ್ಲಿ ಅರ್ಥ ಹೇಳತೊಡಗಿದರು: ಪರಮಾರ್ಥವನ್ನು ಅರಿತ ಜ್ಞಾನಿಯ ಮನಸ್ಸು ಶೂನ್ಯವನ್ನೂ ದಾಟಿದೆ… ನಡುವೆ ಒಂದು ಮಾತಿಗೆ ತಡವರಿಸಿದರು, ಮೊಮ್ಮಗಳು ಪುಸ್ತಕದಿಂದ ತಲೆಯೆತ್ತದೆ ಆ ಮಾತನ್ನು ಹೇಳಿಕೊಟ್ಟಳು. ಹಿರಿಯರು ಅವಳ ಕಡೆಗೆ ತಿರುಗಿ ನೋಡಿದರು.

ಎರಡನೆಯ ಸಾಲನ್ನೂ ಕಳಿಸಬೇಕಂತೆ.